ಪಾದ ಮುಳುಗುವಷ್ಟು ನೀರು

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಭಾನುವಾರ ಬೆಳಿಗ್ಗೆ ಎರಡು ಬಗೆಯ ಜನ ಸಿಗುತ್ತಾರೆ. ಒಂದು ಬಗೆಯವರು ಕೈ ಬೀಸಿಕೊಂಡು, ಆಗಾಗ ಗಡಿಯಾರ ನೋಡಿಕೊಂಡು, ಕೆರೆಯ ಸುತ್ತಿನ ನಾಲ್ಕೈದು ಕಿಲೋಮೀಟರ್ ದಾರಿಯನ್ನು ಒಂದು ಗಂಟೆಯೊಳಗೆ ಮುಗಿಸಿ ಮನೆಗೆ ಹೋಗಿ ತಿಂಡಿಗೆ ಕೂರುವವರು. ಇನ್ನೊಂದು ಬಗೆಯವರು ಹತ್ತು ಹನ್ನೆರಡು ಮಂದಿ ಗುಂಪುಗೂಡಿ, ಕೊರಳಿಗೆ ದುರ್ಬೀನು ನೇತುಹಾಕಿಕೊಂಡು, ಎರಡು ಗಂಟೆ ಕಳೆದರೂ ಅರ್ಧ ಕಿಲೋಮೀಟರ್ ದಾಟದವರು. ಮೊದಲಿನವರ ದಾರಿಗೆ ಎರಡನೆಯವರು ಅಡ್ಡ. ಎರಡನೆಯವರ ಕಿವಿಗೆ ಮೊದಲಿನವರ ಮಾತು ಅಡ್ಡ. ಆದರೂ ಇಷ್ಟು ವರ್ಷಗಳಿಂದ ಒಂದೇ ಏರಿಯ ಮೇಲೆ ಹೊಂದಿಕೊಂಡು ಬಂದಿದ್ದಾರೆ. ನಾನು ಎರಡನೆಯ ಪಂಗಡದ ಪರವಾಗಿ ನಾಲ್ಕು ಮಾತು ಹೇಳಲು ಬಂದಿದ್ದೇನೆ.

ಕೆರೆಯಂಥ ಜೌಗು ನೆಲಗಳಿಗೆಂದೇ ಒಂದು ದಿನವಿದೆ: ಫೆಬ್ರವರಿ 2, ವಿಶ್ವ ಜೌಗು ಪ್ರದೇಶಗಳ ದಿನ. 1971ರಲ್ಲಿ ಇದೇ ದಿನ ಇರಾನಿನ ರಾಮ್ಸರ್ ಎಂಬ ಊರಿನಲ್ಲಿ ಹಲವು ದೇಶಗಳು ಸೇರಿ ಜೌಗು ನೆಲಗಳನ್ನು ಉಳಿಸುವ ಒಪ್ಪಂದ ಮಾಡಿಕೊಂಡವು. ನಮ್ಮ ಪಕ್ಕದ ರಂಗನತಿಟ್ಟು 2022ರಲ್ಲಿ ಆ ಒಪ್ಪಂದದ ತಾಣಗಳ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಸೇರಿದ ಮೊದಲ ತಾಣ ಅದು. ರಂಗನತಿಟ್ಟಿನ ಹಿಂದೆ ಪಕ್ಷಿತಜ್ಞ ಡಾ. ಸಲೀಂ ಅಲಿ ಇದ್ದಾರೆ. 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಓಡಾಡುತ್ತಿದ್ದಾಗ ಕಾವೇರಿಯ ಆ ನಡುಗಡ್ಡೆಗಳನ್ನು ಕಂಡು, ಇದನ್ನು ಕಾಪಾಡಿ ಎಂದು ಅರಮನೆಗೆ ತಿಳಿಸಿದರು. 1940ರಲ್ಲೇ ಅದು ಪಕ್ಷಿಧಾಮವಾಯಿತು. ಆದರೆ ಹಕ್ಕಿ ನೋಡಲು ಎಲ್ಲರೂ ರಂಗನತಿಟ್ಟಿಗೇ ಹೋಗಬೇಕೆಂದಿಲ್ಲ. ಟಿಕೆಟ್ಟು, ದೋಣಿ, ಅಂಬಿಗ ಯಾವುದೂ ಇಲ್ಲದೆ ನಡೆದು ನೋಡುವ ಕೆರೆಗಳು ಊರೊಳಗೇ ಇವೆ.

ಗುಂಪಿನಲ್ಲಿ ಯಾಕೆ ಹೋಗಬೇಕು ಎಂದು ಕೇಳುವವರಿದ್ದಾರೆ. ಹಕ್ಕಿ ನೋಡುವುದು ಏಕಾಂತದ ಹವ್ಯಾಸ ಎಂಬ ಭಾವನೆ ಬಹಳ ಜನರಲ್ಲಿದೆ. ಒಂಟಿಯಾಗಿ ನೋಡುವ ಸುಖ ಬೇರೆಯೇ, ಒಪ್ಪುತ್ತೇನೆ. ಕಲಿಯುವುದು ಮಾತ್ರ ಜೊತೆಯಲ್ಲಿ. ಬೆಂಗಳೂರಿನಲ್ಲಿ ಡಾ. ಜೋಸೆಫ್ ಜಾರ್ಜ್ ಮತ್ತು ಗೆಳೆಯರು 1972ರಲ್ಲಿ ಪಕ್ಷಿವೀಕ್ಷಕರ ಸಂಘ ಕಟ್ಟಿ, ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವ ಪದ್ಧತಿ ಬೆಳೆಸಿದರು. ಅಲ್ಲಿ ಹತ್ತಿಪ್ಪತ್ತು ಜನರ ಹಿಂದೆ ಸುಮ್ಮನೆ ನಡೆದ ಎಷ್ಟೋ ಹುಡುಗರು ಮುಂದೆ ಜೀವವಿಜ್ಞಾನದ ದಾರಿ ಹಿಡಿದಿದ್ದಾರೆ.

ನಮ್ಮ ಗುಂಪನ್ನು ನಡೆಸುವವರು ಒಬ್ಬ ನಿವೃತ್ತ ವಿಜ್ಞಾನದ ಮೇಷ್ಟ್ರು. ಹೊಸದಾಗಿ ಬಂದವರಿಗೆ ಅವರು ಮೊದಲು ಹಕ್ಕಿ ತೋರಿಸುವುದಿಲ್ಲ, ದುರ್ಬೀನು ಹೊಂದಿಸಿಕೊಳ್ಳುವುದನ್ನು ಕಲಿಸುತ್ತಾರೆ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ, ದೂರದ ಫಲಕದ ಅಕ್ಷರ ಎಡಗಣ್ಣಿಗೆ ನಿಚ್ಚಳವಾಗುವಂತೆ ಮಾಡಿಕೊಳ್ಳಬೇಕು. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆ ಕಣ್ಣಿಡುವ ಕೊಳವೆಯ ಬಳೆಯನ್ನಷ್ಟೇ ತಿರುಗಿಸಿ ಅದೇ ಅಕ್ಷರವನ್ನು ಬಲಗಣ್ಣಿಗೂ ಸರಿಮಾಡಿಕೊಳ್ಳಬೇಕು. ಇಷ್ಟಾದರೆ ಬಳೆಯ ಕೆಲಸ ಮುಗಿಯಿತು, ಮುಂದೆಲ್ಲ ನಡುವಿನ ಚಕ್ರವೇ ಸಾಕು. ಹಕ್ಕಿ ಕಂಡಾಗ ಕಣ್ಣನ್ನು ಅದರ ಮೇಲಿಂದ ಕೀಳದೆ ದುರ್ಬೀನನ್ನು ಕಣ್ಣಿಗೆ ತರಬೇಕು. ಹೊಸಬರು ತಲೆ ಬಗ್ಗಿಸಿ ದುರ್ಬೀನು ಹುಡುಕುತ್ತಾರೆ, ತಲೆ ಎತ್ತುವಷ್ಟರಲ್ಲಿ ಕೊಂಬೆ ಬರಿದು.

ಕಳೆದ ತಿಂಗಳು ಬಂದ ಕಾಲೇಜು ಹುಡುಗನೊಬ್ಬ ಮೇಷ್ಟ್ರ ದುರ್ಬೀನಿನ ಮೇಲೆ 8×42 ಎಂದು ಬರೆದಿದ್ದು ನೋಡಿ ಕೇಳಿದ: “ಎಂಟು ಪಟ್ಟು ಅಷ್ಟೇನಾ ಸಾರ್? ಹದಿನಾರು ಪಟ್ಟಿಂದು ತಗೊಂಡ್ರೆ ಇನ್ನೂ ಚೆನ್ನಾಗಿ ಕಾಣಲ್ವಾ?”

“ಕಾಣುತ್ತಪ್ಪ. ಆದ್ರೆ ಕೈ ನಡುಗೋದೂ ಹದಿನಾರು ಪಟ್ಟಾಗುತ್ತಲ್ಲ!”

ಬಜಾರಿನಲ್ಲಿ ದುರ್ಬೀನು ಕೊಳ್ಳಲು ಹೊರಟವರು ಇದೊಂದು ಮಾತು ನೆನಪಿಟ್ಟರೆ ಸಾಕು. 42 ಎನ್ನುವುದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಗಾಜು ಅಗಲವಾದಷ್ಟೂ ಮಬ್ಬು ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಹಕ್ಕಿಗಳು ಚುರುಕಾಗಿರುವುದೂ ಆ ಮಬ್ಬು ಬೆಳಕಿನಲ್ಲೇ.

ಈಗ ಕೆರೆಯ ಅಂಚಿಗೆ ಬರೋಣ. ಈ ಹೊತ್ತು ನಾನು ಹೇಳಬೇಕೆಂದಿರುವುದೆಲ್ಲ ಇಲ್ಲೇ ಇದೆ.

ಕೆರೆ ಅಂದರೆ ನಮ್ಮ ಕಣ್ಣು ನಡುನೀರಿಗೆ ಹೋಗುತ್ತದೆ. ಹಕ್ಕಿಗೆ ಬೇಕಾದದ್ದು ಹೆಚ್ಚಾಗಿ ದಡ, ಅದರಲ್ಲೂ ನಿಧಾನವಾಗಿ ಇಳಿಜಾರಾಗಿ ನೀರಿಗೆ ಸೇರುವ ದಡ. ಮೈಸೂರು ಸೀಮೆಯ ಯಾವ ಹಳೇ ಕೆರೆಗಾದರೂ ಜನವರಿಯಲ್ಲಿ ಹೋಗಿ, ಏರಿಯ ಎದುರುಬದಿ, ನೀರು ಒಳಬರುವ ಕಡೆ ನಿಂತು ನೋಡಿ. ಒಣ ನೆಲದಲ್ಲಿ ಟಿಟ್ಟಿಭ ಓಡಾಡುತ್ತಿರುತ್ತದೆ, ನಿಮ್ಮನ್ನು ಕಂಡೊಡನೆ ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ಅದರಾಚೆಯ ಹಸಿ ಮಣ್ಣಿನಲ್ಲಿ ಕುಂಡೆಕುಸ್ಕ. ಪಾದ ಮುಳುಗುವಷ್ಟು ನೀರಿನಲ್ಲಿ ಗದ್ದೆಗೊರವಗಳು, ಕೆಸರಿಗೆ ಕೊಕ್ಕು ಚುಚ್ಚಿ ಹುಳ ಹೆಕ್ಕುತ್ತಾ. ಒಂದು ಗೇಣು ನೀರಿನಲ್ಲಿ ಮೆಟ್ಟುಗಾಲು ಹಕ್ಕಿ, ಮೈಗೆ ಹೊಂದದಷ್ಟು ಉದ್ದದ ಕೆಂಪು ಕಾಲಿನ ಮೇಲೆ. ಇನ್ನಷ್ಟು ಆಳಕ್ಕೆ ಚಮಚಕೊಕ್ಕು, ಬಣ್ಣದ ಕೊಕ್ಕರೆ, ಬೂದು ಬಕ. ಆಮೇಲೆ, ತಲೆ ಕೆಳಗೆ ಮಾಡಿ ಬಾಲ ಮೇಲೆತ್ತಿ ಮೇಯುವ ಬಾತುಗಳು. ಕೊನೆಗೆ ನಡುನೀರಿನಲ್ಲಿ ಮುಳುಗಿ ಏಳುವ ಗುಳುಮುಳುಕ, ನೀರುಕಾಗೆ, ಹಾವಕ್ಕಿ. ಕಾಲಿನ ಉದ್ದ, ಕೊಕ್ಕಿನ ಉದ್ದ, ನೀರಿನ ಆಳ, ಮೂರೂ ಒಂದಕ್ಕೊಂದು ಹೊಂದಿಕೊಂಡಿವೆ. ಒಂದು ಆಳದವರ ಊಟದ ಜಾಗಕ್ಕೆ ಇನ್ನೊಂದು ಆಳದವರು ಸಾಮಾನ್ಯವಾಗಿ ಬರುವುದಿಲ್ಲ.

ಬಣ್ಣದ ಕೊಕ್ಕರೆ ಮೀನು ಹಿಡಿಯುವುದನ್ನು ದುರ್ಬೀನಿನಲ್ಲಿ ಹತ್ತು ನಿಮಿಷ ನೋಡಿದರೆ ಆಳದ ಈ ಲೆಕ್ಕ ಗೊತ್ತಾಗುತ್ತದೆ. ಅದು ಮೀನನ್ನು ಹೆಚ್ಚಾಗಿ ಕಣ್ಣಿನಿಂದ ಹುಡುಕುವುದಿಲ್ಲ. ಹಳದಿ ಕೊಕ್ಕನ್ನು ಅರ್ಧ ತೆರೆದು ನೀರಿಗಿಳಿಸಿ, ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಾ, ಒಂದು ಕಾಲಿನಿಂದ ಕೆಸರು ಕಲಕುತ್ತಾ ಮುಂದಕ್ಕೆ ಹೋಗುತ್ತದೆ. ಬೆದರಿ ಓಡಿದ ಮೀನು ಕೊಕ್ಕಿಗೆ ತಗಲಿತೋ, ಪಟ್ಟನೆ ಕೊಕ್ಕು ಮುಚ್ಚಿತು. ಮುಟ್ಟಿದ್ದೇ ಅದಕ್ಕೆ ನೋಟ. ಆದ್ದರಿಂದ ರಾಡಿ ನೀರಾದರೂ ಪರವಾಗಿಲ್ಲ. ಆದರೆ ಕಾಲು ನೆಲಕ್ಕೆ ಊರಬೇಕು, ಕೊಕ್ಕು ತಳದ ಹತ್ತಿರ ಹೋಗಬೇಕು. ನೀರು ಎರಡಡಿ ಹೆಚ್ಚಾದರೆ ಅದರ ಅಂಗಡಿ ಬಂದ್.

ಹಾವಕ್ಕಿಯದು ಬೇರೆ ಉಪಾಯ. ಮೊನ್ನೆ ಗುಂಪಿನಲ್ಲಿದ್ದ ಐದನೇ ಕ್ಲಾಸಿನ ಹುಡುಗಿ, “ಅಜ್ಜೀ, ಹಾವು ಹಾವು!” ಎಂದು ಅಜ್ಜಿಯ ಸೆರಗು ಹಿಡಿದು ಎಳೆದಳು. ನೀರ ಮೇಲೆ ಕತ್ತು ಮಾತ್ರ ಇತ್ತು, ಮೈ ಇಲ್ಲ. ಬಾತುಕೋಳಿಯ ಗರಿಗೆ ನೀರು ಅಂಟುವುದಿಲ್ಲ, ಗರಿಗಳ ನಡುವೆ ಗಾಳಿ ನಿಂತು ಅದು ತೇಲುತ್ತದೆ. ಹಾವಕ್ಕಿಯ ಗರಿ ನೀರು ಹೀರಿಕೊಂಡು ನೆನೆಯುತ್ತದೆ. ನೆನೆದ ಮೈ ಭಾರವಾಗಿ, ಹೆಚ್ಚು ಶ್ರಮವಿಲ್ಲದೆ ನೀರಿನೊಳಗೆ ಇಳಿದು, ಭರ್ಜಿಯ ಹಾಗೆ ಚೂಪಾದ ಕೊಕ್ಕಿನಿಂದ ಮೀನನ್ನು ತಿವಿಯುತ್ತದೆ. ಬೇಟೆ ಮುಗಿಸಿ ಮೇಲೆ ಬಂದ ಮೇಲೆ ಒಣಗಬೇಕಲ್ಲ, ಅದಕ್ಕೇ ಒಣಮರದ ಮೇಲೆ ರೆಕ್ಕೆ ಹರಡಿ ಬಿಸಿಲಿಗೆ ಕೂರುತ್ತದೆ. ನೀರುಕಾಗೆಯೂ ಹಾಗೆಯೇ. ಕೆರೆಯ ನಡುಗಡ್ಡೆಯ ಮರಗಳ ಮೇಲೆ ಬೆಳಗಿನ ಎಂಟರ ಬಿಸಿಲಿಗೆ ಸಾಲಾಗಿ ರೆಕ್ಕೆ ಬಿಚ್ಚಿ ಕೂತವುಗಳನ್ನು ಆ ಹುಡುಗಿಗೆ ತೋರಿಸಿದಾಗ ಅವಳ ಪ್ರಶ್ನೆ ಒಂದೇ: “ಮಳೆಗಾಲದಲ್ಲಿ ಏನ್ಮಾಡುತ್ತೆ?” ನಮ್ಮಲ್ಲಿ ಯಾರೂ ತಟ್ಟನೆ ಉತ್ತರ ಕೊಡಲಿಲ್ಲ.

ಆಕಾಶವಾಣಿಯಲ್ಲಿ ಕೂತಿದ್ದೇನೆಂದು ಹೇಳುತ್ತಿಲ್ಲ, ಹಕ್ಕಿ ನೋಡುವ ಕೆಲಸದಲ್ಲಿ ಅರ್ಧ ಪಾಲು ಕಿವಿಯದು. ಜೊಂಡಿನ ಮೆಳೆಯೊಳಗಿಂದ ‘ಚಕ್… ಚಕ್’ ಎಂದು ನಾಲಿಗೆ ಲೊಚಗುಟ್ಟಿದಂಥ ಸದ್ದು ಬರುತ್ತದೆ. ನೋಡಿದರೆ ಎಲೆ ಅಲುಗುವುದಷ್ಟೇ ಕಾಣುತ್ತದೆ. ಅದು ಜೊಂಡಿನ ಉಲಿಯಕ್ಕಿಗಳಲ್ಲಿ ಒಂದು, ಬ್ಲಿತ್ ಎಂಬಾತನ ಹೆಸರು ಹೊತ್ತಿರುವುದು. ಹತ್ತು ಹನ್ನೆರಡು ಗ್ರಾಂ ತೂಗುವ, ಮಣ್ಣುಬಣ್ಣದ, ಯಾರೂ ಎರಡನೇ ಸಲ ತಿರುಗಿ ನೋಡದ ಹಕ್ಕಿ. ಮರಿ ಮಾಡುವುದು ಫಿನ್‌ಲೆಂಡ್, ರಷ್ಯಾ, ಸೈಬೀರಿಯಾದ ಕಡೆ. ಚಳಿಗಾಲ ಕಳೆಯಲು ನಮ್ಮ ಬೇಲಿಗಳಿಗೆ, ಕೆರೆಯಂಚಿನ ಪೊದೆಗಳಿಗೆ ಬರುತ್ತದೆ. ಫ್ಲೆಮಿಂಗೊ ನೋಡಲು ಗುಜರಾತಿಗೆ ರೈಲು ಹತ್ತುವವರು, ಸೈಬೀರಿಯಾದಿಂದ ತಮ್ಮ ಕಾಂಪೌಂಡಿಗೆ ಬಂದವರನ್ನು ಒಂದು ಸಲ ಮಾತನಾಡಿಸಬಹುದು ಎಂದು ನನಗನ್ನಿಸುತ್ತದೆ.

ಕಿವಿಯ ಮಾತು ಬಂತು. ನಮ್ಮ ಗುಂಪಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಬಾನಿನಲ್ಲಿ ಚುಕ್ಕೆಯಂತೆ ಹಾರುವ ಹದ್ದು ಗಿಡುಗಗಳ ಗುರುತು ಹಿಡಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಸೂರಕ್ಕಿಯ ಸಣ್ಣ ಕೀಚು ದನಿ ಅವರಿಗೆ ಕೇಳುವುದಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೇ ಆ ಎತ್ತರದ ಸ್ವರಗಳನ್ನು. ಐದನೇ ಕ್ಲಾಸಿನ ಹುಡುಗಿಗೆ ಅದು ಚೆನ್ನಾಗಿ ಕೇಳುತ್ತದೆ, ಹೆಸರು ಗೊತ್ತಿಲ್ಲ. ಇವಳು ಬೆರಳು ತೋರಿಸುತ್ತಾಳೆ, ಅವರು ಹೆಸರು ಹೇಳುತ್ತಾರೆ. ಗುಂಪಿನ ಉಪಯೋಗ ಏನು ಎಂದು ಕೇಳುವವರಿಗೆ ನಾನು ಇವರಿಬ್ಬರನ್ನು ತೋರಿಸುತ್ತೇನೆ. ಈಗ ಮೊಬೈಲ್ ಫೋನೇ ದನಿ ಕೇಳಿ ಹೆಸರು ಹೇಳುವ ಕಾಲ ಬಂದಿದೆ. ಬಳಸಲಿ, ತಪ್ಪೇನಿಲ್ಲ. ಆದರೆ ಅದೇ ಫೋನಿನಲ್ಲಿ ಹಕ್ಕಿಯ ಕೂಗನ್ನು ಗಟ್ಟಿಯಾಗಿ ಹಾಕಿ, ಬಚ್ಚಿಟ್ಟುಕೊಂಡ ಹಕ್ಕಿಯನ್ನು ಹೊರಗೆಳೆದು ಫೋಟೋ ತೆಗೆಯುವವರನ್ನು ಕಂಡರೆ ಮೇಷ್ಟ್ರು ಮುಖ ಮೋರೆ ನೋಡದೆ ಬೈಯುತ್ತಾರೆ. ತನ್ನ ಜಾಗಕ್ಕೆ ಬೇರೆ ಗಂಡು ನುಗ್ಗಿತೆಂದು ತಿಳಿದು ಆ ಹಕ್ಕಿ ಮೇವು ಬಿಟ್ಟು, ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ನಮಗೆ ಒಂದು ಚಿತ್ರ ಸಿಗುತ್ತದೆ, ಅದಕ್ಕೆ ಬೆಳಗಿನ ಹೊತ್ತು ದಂಡ.

ಗುಂಪಿನಲ್ಲಿ ಜಗಳವೂ ಇದೆ, ಅದು ಬೇಕು ಕೂಡ. ನೀರ ಮೇಲಿದ್ದ ನಾಮದ ಕೋಳಿಗಳೆಲ್ಲ ಒಮ್ಮೆಲೇ ಒತ್ತಾಗಿ ಒಂದೆಡೆ ಸೇರಿದವು ಎಂದರೆ ಮೇಲೆ ಯಾರೋ ಬಂದರು ಎಂದೇ ಅರ್ಥ. ಕಂದು ಬಣ್ಣದ ದೊಡ್ಡ ಹಕ್ಕಿಯೊಂದು ಜೊಂಡಿನ ಮೇಲೆ ತಗ್ಗಿನಲ್ಲಿ ಹಾರುತ್ತಿದೆ. ಒಬ್ಬರು ಹದ್ದು ಎನ್ನುತ್ತಾರೆ, ಇನ್ನೊಬ್ಬರು ಜೌಗು ಸೆಳೆವ ಎನ್ನುತ್ತಾರೆ. ಹದ್ದಾದರೆ ಬಾಲದ ತುದಿ ಕವಲೊಡೆದಿರಬೇಕು. ಇದರ ಬಾಲ ದುಂಡಗಿದೆ, ಗಾಳಿಯಲ್ಲಿ ತೇಲುವಾಗ ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದಿದೆ. ಐದು ನಿಮಿಷ ವಾದ ನಡೆದು ಸೆಳೆವಕ್ಕೆ ಜಯವಾಯಿತು. ಹೀಗೆ ಇತ್ಯರ್ಥವಾಗದ ಹಕ್ಕಿಗಳೂ ಇರುತ್ತವೆ. ಅವನ್ನು ಪಟ್ಟಿಯಲ್ಲಿ ಬರೆಯುವುದಿಲ್ಲ. ‘ಇದ್ದರೂ ಇರಬಹುದು’ ಎನ್ನುವ ಹಕ್ಕಿಗೆ ನಮ್ಮ ಪುಸ್ತಕದಲ್ಲಿ ಜಾಗವಿಲ್ಲ.

ಆ ಪಟ್ಟಿಯ ವಿಷಯ ಸ್ವಲ್ಪ ಹೇಳಬೇಕು. ಒಬ್ಬರ ಕೆಲಸ ಬರೆಯುವುದು, ಉಳಿದವರದು ಎಣಿಸುವುದು. ನೀರ ಮೇಲೆ ನೂರಾರು ನಾಮದ ಕೋಳಿ ಹರಡಿಕೊಂಡಿದ್ದರೆ ಒಂದೊಂದನ್ನೇ ಎಣಿಸಲಾಗದು. ಮೊದಲು ಹತ್ತು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆಂದು ಕಣ್ಣಿನಲ್ಲಿ ಅಳೆದುಕೊಂಡು, ಅಂಥವು ಎಷ್ಟಿವೆ ಎಂದು ನೋಡಬೇಕು. ಮೂರು ಜನ ಎಣಿಸಿದರೆ ಮೂರು ಲೆಕ್ಕ ಬರುತ್ತದೆ, ಮತ್ತೆ ಎಣಿಸುತ್ತೇವೆ. ಏಷ್ಯಾದ ದೇಶಗಳಲ್ಲಿ ನೀರಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ, ಸಂಬಳವಿಲ್ಲದ ಜನರಿಂದ. ನಂಜನಗೂಡಿನ ಕಡೆಯ ಹದಿನಾರು ಎಂಬ ಊರಿನ ಕೆರೆಯಲ್ಲಿ ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಇಳಿಯುತ್ತವೆ. ಅವುಗಳ ಗುಂಪಿನಲ್ಲಿ ಕೆಲವಕ್ಕೆ ಕೊರಳಲ್ಲಿ ಅಕ್ಷರ ಅಂಕಿ ಬರೆದ ಪಟ್ಟಿ ಇರುವುದನ್ನು ಓದಿ ಬರೆದುಕೊಂಡವರೂ ಇಂಥ ಹವ್ಯಾಸಿಗಳೇ. ಆ ಪಟ್ಟಿ ಕಟ್ಟಿದ್ದು ಮಂಗೋಲಿಯಾದಲ್ಲಿ. ಹಿಮಾಲಯ ದಾಟಿ ಬಂದ ಹಕ್ಕಿಯ ವಿಳಾಸ ಮೈಸೂರು ಜಿಲ್ಲೆಯ ಒಂದು ಹಳ್ಳಿಯ ಕೆರೆಯಲ್ಲಿ ಪತ್ತೆಯಾಯಿತು.

2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯೊಂದು ಹೊರಬಂತು. 942 ಜಾತಿಗಳ ಬಗ್ಗೆ, 30 ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರು ಕೊಟ್ಟ ಸುಮಾರು 3 ಕೋಟಿ ದಾಖಲೆಗಳನ್ನು ಇಟ್ಟುಕೊಂಡು ವಿಜ್ಞಾನಿಗಳು ತಯಾರಿಸಿದ ವರದಿ ಅದು. ಅಳಿವಿನ ಅಪಾಯದ ದೃಷ್ಟಿಯಿಂದ ಮತ್ತೆ ಪರಿಶೀಲಿಸಬೇಕೆಂದು ಅದರಲ್ಲಿ 14 ಜಾತಿಗಳ ಹೆಸರು ಹೇಳಿದ್ದಾರೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಅದರಲ್ಲಿದೆ. ಅಗಲ ಕೊಕ್ಕಿನ ಚಲುಕ ಬಾತು ಇದೆ. ಸಾಮಾನ್ಯ ಗದ್ದೆಗೊರವವೂ ಇದೆ. ಹೆಸರಿನಲ್ಲೇ ಸಾಮಾನ್ಯ! ಕಲ್ಲಿನ ಮೇಲೆ ನಿಂತು ಬಾಲ ಕುಣಿಸುವ ಈ ಬೂದುಕಂದು ಹಕ್ಕಿಯನ್ನು ಯಾವ ಫೋಟೋಗ್ರಾಫರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಪರೂಪದ ಹಕ್ಕಿ ಬಂತೆಂದರೆ ಕಾರು ಮಾಡಿಕೊಂಡು ಓಡುವವರು ನಮ್ಮಲ್ಲೂ ಇದ್ದಾರೆ. ಅದು ಒಂದು ಚಟ, ನನಗೂ ಸ್ವಲ್ಪ ಇದೆ. ಆದರೆ ಅಂಥ ಓಟದಿಂದ ಗದ್ದೆಗೊರವ ಕಡಿಮೆಯಾಗುತ್ತಿದೆ ಎಂಬ ಸುದ್ದಿ ಎಂದೂ ತಿಳಿಯುತ್ತಿರಲಿಲ್ಲ. ಅದೇ ಕೆರೆ, ಅದೇ ದಾರಿ, ಅದೇ ಹಕ್ಕಿಗಳನ್ನು ವರ್ಷಗಟ್ಟಲೆ ಬರೆದವರ ಪಟ್ಟಿಗಳಿಂದ ತಿಳಿಯಿತು.

ಗದ್ದೆಗೊರವಗಳು ಮೇಯುವುದೆಲ್ಲಿ? ಪಾದ ಮುಳುಗುವಷ್ಟು ನೀರಿನಲ್ಲಿ. ಈಗ ಊರೂರಲ್ಲಿ ನಡೆಯುತ್ತಿರುವ ಕೆರೆ ಅಭಿವೃದ್ಧಿಯಲ್ಲಿ ಮೊದಲು ಮಾಯವಾಗುವುದೂ ಅದೇ. ಹೂಳೆತ್ತುವ ಯಂತ್ರ ಬರುತ್ತದೆ. ಇಳಿಜಾರು ದಡವನ್ನು ಕಡಿದಾಗಿ ಕೊರೆದು, ತೆಗೆದ ಮಣ್ಣನ್ನು ಸುತ್ತ ಏರಿಸಿ, ಕಲ್ಲು ಕಟ್ಟಿ, ಮೇಲೆ ನಡಿಗೆಯ ದಾರಿ, ದೀಪ, ಬೆಂಚು. ಜೊಂಡು ಹುಲ್ಲನ್ನು ಕಸವೆಂದು ಕಿತ್ತೆಸೆಯುತ್ತಾರೆ. ನೀರು ತುಂಬಿದ ಮೇಲೆ ಕೆರೆ ಬೋಗುಣಿಯಂತೆ ಕಾಣುತ್ತದೆ: ಸುತ್ತ ಅಂಚು, ನಡುವೆ ಆಳ. ನಡೆಯುವವರಿಗೆ ಬಹಳ ಚೆನ್ನ. ನೀರುಕಾಗೆಗೂ ಅಡ್ಡಿಯಿಲ್ಲ. ಗದ್ದೆಗೊರವಕ್ಕೆ, ಮೆಟ್ಟುಗಾಲಿಗೆ, ಜೊಂಡಿನ ಉಲಿಯಕ್ಕಿಗೆ, ಎಲೆಯ ಮೇಲೆ ಗೂಡಿಡುವ ದೇವನಕ್ಕಿಗೆ ಅಲ್ಲಿ ಕಾಲಿಡಲು ಜಾಗವಿಲ್ಲ. ಹೂಳು ತೆಗೆಯಬಾರದು ಎಂದು ನಾನು ಹೇಳುತ್ತಿಲ್ಲ. ನಮ್ಮ ಹಿರಿಯರು ಬೇಸಿಗೆಯಲ್ಲಿ ತೆಗೆಯುತ್ತಿದ್ದರು, ಗದ್ದೆಗೆ ಗೊಬ್ಬರವೆಂದು ಗಾಡಿಯಲ್ಲಿ ಒಯ್ಯುತ್ತಿದ್ದರು. ಏರಿಯ ಕಡೆ ಆಳವಾಗಿರಲಿ. ನೀರು ಒಳಬರುವ ಕಡೆ ಒಂದು ಪಾಲು ದಡವನ್ನು ಇದ್ದ ಹಾಗೆ ಬಿಡಿ, ಅಷ್ಟೇ.

ಹಕ್ಕಿ ಜಾಸ್ತಿ ಇದ್ದರೆ ಕೆರೆ ಚೆನ್ನಾಗಿದೆ ಎಂದು ಹೇಳುವಂತಿಲ್ಲ ಎಂಬುದನ್ನೂ ಸೇರಿಸಬೇಕು. ಊರಿನ ಚರಂಡಿ ಸೇರುವ ಕೆರೆಯಲ್ಲೂ ಮೆಟ್ಟುಗಾಲು ಹಕ್ಕಿ ಹಿಂಡುಹಿಂಡಾಗಿ ಇರುತ್ತದೆ, ಕೊಳಚೆಯಲ್ಲಿ ಬೆಳೆಯುವ ಹುಳುಗಳು ಅದಕ್ಕೆ ಹಬ್ಬ. ಎಷ್ಟು ಹಕ್ಕಿ ಎನ್ನುವುದಕ್ಕಿಂತ ಎಷ್ಟು ಬಗೆಯ ಹಕ್ಕಿ, ಯಾವ ಆಳದ ಹಕ್ಕಿ ಕಾಣೆಯಾಗಿದೆ ಎಂದು ನೋಡಿದರೆ ಕೆರೆಯ ಆರೋಗ್ಯ ತಿಳಿಯುತ್ತದೆ.

ಕಾನೂನಿನ ಒಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ್ದು ಊರಾಚೆಯ ಹೊಲಗದ್ದೆಗಳ ನೀರಾವರಿಗೆ. ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ಜೌಗು ಪ್ರದೇಶಗಳ ನಿಯಮಗಳಲ್ಲಿ, ಕುಡಿಯುವ ನೀರಿಗಾಗಲಿ ನೀರಾವರಿಗಾಗಲಿ ಮನುಷ್ಯರು ಕಟ್ಟಿಸಿದ ಜಲಾಶಯ ಜೌಗು ಪ್ರದೇಶದ ವ್ಯಾಖ್ಯೆಗೆ ಬರುವುದಿಲ್ಲ. ಕರ್ನಾಟಕದ ಸಾವಿರಾರು ಕೆರೆಗಳಲ್ಲಿ ಮನುಷ್ಯರು ಕಟ್ಟದ ಕೆರೆ ಎಷ್ಟಿದ್ದೀತು? ಕೆರೆಗಳಿಗೆ ಬೇರೆ ಕಾಯ್ದೆಗಳ ರಕ್ಷಣೆ ಇದೆ, ನಿಜ. ಆದರೆ ಹಕ್ಕಿ ಈ ವ್ಯಾಖ್ಯೆ ಓದಿ ಬರುವುದಿಲ್ಲ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಎರಡೂ ಮನುಷ್ಯರು ಕಟ್ಟಿದ ಕೆರೆಗಳೇ. ಮಾಗಡಿಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಊರವರು ಸಹಿಸಿಕೊಂಡಿದ್ದಾರೆ.

ಬರಬೇಕೆಂದಿರುವವರಿಗೆ ಒಂದೆರಡು ಸೂಚನೆ. ಬಿಳಿ, ಕೆಂಪು ಬಟ್ಟೆ ಬೇಡ, ಮಣ್ಣುಬಣ್ಣದ್ದು ಇರಲಿ. ಸುಗಂಧದ ಸಿಂಪಡಣೆಗೆ ಹಕ್ಕಿಗಳದ್ದೇನೂ ತಕರಾರಿಲ್ಲ, ಜೇನುಹುಳುಗಳಿಗೆ ಇದೆ. ಗೂಡು ಕಂಡರೆ ದೂರದಿಂದ ನೋಡಿ ಮುಂದೆ ಹೋಗಿ. ಎಲ್ಲಿದೆ ಎಂದು ಊರಿಗೆಲ್ಲ ಹೇಳಬೇಡಿ. ದುರ್ಬೀನು ಇಲ್ಲದಿದ್ದರೂ ಬನ್ನಿ, ಗುಂಪಿನಲ್ಲಿ ಯಾರಾದರೂ ಕೊಡುತ್ತಾರೆ. ಚಳಿಗಾಲ ಮುಗಿಯಿತು, ವಲಸೆ ಹಕ್ಕಿಗಳು ಹೊರಟುಹೋಗುತ್ತವೆ, ಇನ್ನು ಬಂದು ಏನು ಪ್ರಯೋಜನ ಎಂದುಕೊಳ್ಳಬೇಡಿ. ಬಾತು, ಗದ್ದೆಗೊರವಗಳು ಹೋದ ಮೇಲೆ ಮನೆಮಂದಿಯನ್ನು ನೋಡಲು ಬಿಡುವು ಸಿಗುತ್ತದೆ. ಹೆಜ್ಜಾರ್ಲೆಯ ಮರಿ ತಾಯಿಯ ಗಂಟಲಚೀಲದೊಳಗೆ ತಲೆಯನ್ನೇ ತೂರಿಸಿ ಮೀನು ತಿನ್ನುವುದನ್ನು ನೋಡಿದರೆ, ಇದೇನು ಊಟವೋ ಹೊಡೆದಾಟವೋ ಎಂದು ನಿಮಗೇ ಗೊಂದಲವಾಗುತ್ತದೆ. ಏಪ್ರಿಲಿನಿಂದ ಬಿಸಿಲು ಬೇಗ ಏರುತ್ತದೆ. ಆರೂವರೆ ಎಂದು ಹೇಳಿದರೆ ಆರಕ್ಕೇ ಬನ್ನಿ. ಟೋಪಿ, ಕುಡಿಯುವ ನೀರು ತಪ್ಪದೆ ತನ್ನಿ.